ಗೆರೆಯೂ ಬಾಗುತ್ತೆ ಸ್ವಾಮಿ!

ಪಿಯುಸಿ ಭೌತಶಾಸ್ತ್ರದ ಆ ಚಿತ್ರ ನೆನಪಿದೆಯಾ? ಕೆಳಗೆ ಸ್ಕೇಲಿಟ್ಟು ಎಳೆದ ಗೆರೆ, ಮೇಲೆ ಗುಮ್ಮಟದಂಥ ಹನಿ, ಅಂಚಿನಲ್ಲೊಂದು ಸಂಪರ್ಕ ಕೋನ. ಅದರ ಬಗ್ಗೆ ನನ್ನದೊಂದು ತಕರಾರು. ಹನಿಯ ಆಕಾರ ಏನೇ ಆಗ್ಲಿ, ಕೆಳಗಿನ ಗೆರೆ ಕದಲೋದೇ ಇಲ್ಲ!

1805ರಲ್ಲಿ ಥಾಮಸ್ ಯಂಗ್ ಹನಿಯ ಅಂಚಿನಲ್ಲಿ ಅಡ್ಡಡ್ಡ ಎಳೆಯುವ ಬಲಗಳ ಲೆಕ್ಕ ಕೊಟ್ಟ. ಆದರೆ ಮೇಲ್ಮೈ ಎಳೆತ ಅಂಚನ್ನು ಮೇಲಕ್ಕೂ ಜಗ್ಗುತ್ತೆ. ಅದನ್ನು ತಡೆದುಕೊಳ್ಳಬೇಕಾದ್ದು ಕೆಳಗಿನ ಘನವಸ್ತು. ಗಾಜಿನ ಮೇಲೆ ನೀರು ಎಬ್ಬಿಸುವ ಉಬ್ಬು ಪರಮಾಣುವಿಗಿಂತ ಸಣ್ಣದು, ಬಿಟ್ಟರೂ ನಡೆಯುತ್ತೆ. ಮೆತ್ತನೆಯ ಸಿಲಿಕೋನ್ ಜೆಲ್ ಮೇಲಾದರೆ ಹತ್ತಿಪ್ಪತ್ತು ಮೈಕ್ರೊಮೀಟರ್ ಎತ್ತರದ ದಿಣ್ಣೆಯೇ ಏಳುತ್ತೆ. ಹನಿ ಹರಡುವಾಗ ಆ ದಿಣ್ಣೆಯನ್ನೂ ಜೊತೆಗೆ ಎಳೆದುಕೊಂಡು ಹೋಗಬೇಕು. ಹಾಗಾಗಿಯೇ ಮೆದು ರಬ್ಬರಿನ ಮೇಲೆ ಅದು ನಿಧಾನ. 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಯೋಗ ತೋರಿಸಿದ್ದು ಇದನ್ನೇ. 2013ರಲ್ಲಿ ಇನ್ನೂ ಮಜಾ ಸಂಗತಿ ಹೊರಬಂತು: ಜೆಲ್ ಎಲ್ಲಿ ಹೆಚ್ಚು ಮೆತ್ತಗಿದೆಯೋ ಹನಿ ತಾನಾಗಿ ಅತ್ತ ಸರಿಯುತ್ತೆ.

ಇದೆಲ್ಲ ಲ್ಯಾಬಿನ ಮಾತು ಅಂತೀರಾ? ಚಳ್ಳಕೆರೆಯ ಕಂಬಳಿ ನೋಡಿ. ಉಣ್ಣೆಯ ಎಳೆ ಜೆಲ್ ಥರ ಮೆದುವಲ್ಲ, ಆದರೆ ಸಣ್ಣದು, ಸುಲಭಕ್ಕೆ ಬಾಗುತ್ತೆ. ಹುಣಸೆಬೀಜದ ಗಂಜಿ ಹಚ್ಚಿದರೆ ದ್ರವ ಎಳೆಗಳನ್ನು ಒಂದಕ್ಕೊಂದು ಎಳೆದು ಕೂಡಿಸುತ್ತೆ; ಒಣಗಿದ ಗಂಜಿ ಅವನ್ನು ಹಾಗೇ ಹಿಡಿದಿಡುತ್ತೆ. ಮೊಳಕಾಲ್ಮೂರಿನ ರೇಷ್ಮೆ ನೆನೆದಾಗ ಎಳೆಗಳು ಅಂಟಿಕೊಳ್ಳೋದೂ ಇದೇ ಎಳೆತದಿಂದ. ಅಂದ್ರೆ ದ್ರವ ಘನವಸ್ತುವನ್ನು ಬಗ್ಗಿಸೋದು ಈ ಎರಡು ತಾಲ್ಲೂಕಿನ ನೇಕಾರರ ಮನೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತೆ. ಆ ಮನೆಯ ಮಗು ಶಾಲೆಗೆ ಹೋದರೆ ಪುಸ್ತಕ ಹೇಳೋದೇನು? ಘನ ಅಂದ್ರೆ ಬಾಗದ ಗೆರೆ! ತನ್ನ ಕೈಗೆ ಗೊತ್ತಿರೋದು ವಿಜ್ಞಾನವಲ್ಲ ಅಂತ ಮಗು ಅಂದುಕೊಳ್ಳುತ್ತೆ. ನನ್ನ ಸಿಟ್ಟಿರೋದು ಅಲ್ಲಿ.

ಯಂಗ್‌ನದು ತಪ್ಪಲ್ಲ. ಗಾಜಿಗೆ ಹೊಂದುವ ಚಿತ್ರವನ್ನೇ ಚರ್ಮಕ್ಕೂ, ಕಾಂಟ್ಯಾಕ್ಟ್ ಲೆನ್ಸಿಗೂ, ಕಂಬಳಿಗೂ ಅಂಟಿಸಿದ ನಮ್ಮ ಸೋಮಾರಿತನದ್ದು ತಪ್ಪು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲೇ ಐಐಎಸ್‌ಸಿ ಕ್ಯಾಂಪಸ್ ಇದೆ, ಶಿಕ್ಷಕರಿಗೆ ತರಬೇತಿಯೂ ನಡೆಯುತ್ತೆ. ಅಲ್ಲಿಗೆ ಬರೋ ಮೇಷ್ಟ್ರುಗಳಲ್ಲಿ ಒಂದೇ ಕೋರಿಕೆ: ಗಾಜಿನ ಚಿತ್ರ ಬರೆದಾದ ಮೇಲೆ ಪಕ್ಕದಲ್ಲಿ ಇನ್ನೊಂದು ಬರೀರಿ. ಹನಿಯ ಅಂಚಿನಲ್ಲಿ ಗೆರೆ ಒಂಚೂರು ಮೇಲೆದ್ದಿರಲಿ. ಆಮೇಲೆ ಕಂಬಳಿಯ ಮನೆಯ ಮಗುವನ್ನೇ ಕೇಳಿ, ಯಾಕೆ ಅಂತ.