ಪೆಟ್ಟಿಗೆಯ ಮೇಲಿನ 5760: ಮನೆಯ ಫೋಟೋ ಪ್ರಿಂಟರ್ ಕುರಿತು ಒಂದು ವಿಮರ್ಶೆ

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿರುವ ನಿವೃತ್ತ ಶಿಕ್ಷಕ ಮಿತ್ರರೊಬ್ಬರು ಮನೆಯಲ್ಲೇ ಫೋಟೋ ಮುದ್ರಿಸಲು ಇಂಕ್‌ಜೆಟ್ ಪ್ರಿಂಟರ್ ಕೊಳ್ಳಬೇಕೆಂದಿದ್ದರು. ಅಂಗಡಿಯಿಂದ ತಂದ ಕರಪತ್ರಗಳನ್ನು ಮೇಜಿನ ಮೇಲೆ ಹರಡಿ, "ಇದರಲ್ಲಿ 4800 ಡಿಪಿಐ, ಇದರಲ್ಲಿ 5760. ಹೆಚ್ಚು ಇರುವುದನ್ನೇ ತೆಗೆದುಕೊಳ್ಳಲೇ?" ಎಂದು ಕೇಳಿದರು. ಅದೇ ಕೋಣೆಯ ಗೋಡೆಯ ಮೇಲೆ ಎರಡು ಚಿತ್ರಗಳಿದ್ದವು. ಒಂದು, ಅವರ ತಂದೆಯವರು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಕಪ್ಪು-ಬಿಳುಪು ಚಿತ್ರ. ಅದು ಇಂದಿಗೂ ಸ್ಪಷ್ಟವಾಗಿದೆ. ಇನ್ನೊಂದು, ಮಗಳ ಮದುವೆಯ ಚಿತ್ರ. ಕೆಲವೇ ವರ್ಷಗಳ ಹಿಂದೆ ನೆಂಟರ ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿ, ಗಾಜಿಲ್ಲದೆ ತೂಗುಹಾಕಿದ್ದು. ಅದರಲ್ಲಿ ಹಸಿರು ಸೀರೆ ಹಳದಿಯಾಗಿದೆ, ಮುಖಗಳು ಕಿತ್ತಳೆ ಬಣ್ಣಕ್ಕೆ ತಿರುಗಿವೆ.

ಕರಪತ್ರದ ಯಾವ ಅಂಕಿಯೂ ಗೋಡೆಯ ಮೇಲಿನ ಈ ವ್ಯತ್ಯಾಸವನ್ನು ವಿವರಿಸುವುದಿಲ್ಲ. ತಯಾರಕರು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುವ ಸಂಖ್ಯೆ ಸುಳ್ಳಲ್ಲ. ಆದರೆ ಕೊಳ್ಳುವವರಿಗೆ ಬೇಕಾದ ಪ್ರಶ್ನೆಗೆ ಅದು ಉತ್ತರವೇ ಅಲ್ಲ.

ಅಂಕಿಯನ್ನು ಅಳೆದು ನೋಡೋಣ

5760 ಡಿಪಿಐ ಎಂದರೆ ಒಂದು ಅಂಗುಲ ಉದ್ದದಲ್ಲಿ 5760 ಸ್ಥಾನಗಳಲ್ಲಿ ಶಾಯಿಯ ಹನಿಯನ್ನು ಬೀಳಿಸಬಹುದು ಎಂದರ್ಥ. ಒಂದು ಅಂಗುಲ 25,400 ಮೈಕ್ರೋಮೀಟರ್. ಭಾಗಿಸಿದರೆ ಎರಡು ಸ್ಥಾನಗಳ ನಡುವಿನ ದೂರ ಸುಮಾರು 4.4 ಮೈಕ್ರೋಮೀಟರ್. ಇಂಥ ಪ್ರಿಂಟರುಗಳ ಅತಿ ಚಿಕ್ಕ ಹನಿಯ ಗಾತ್ರ 1.5 ಪಿಕೋಲೀಟರ್, ಅಂದರೆ 1500 ಘನ ಮೈಕ್ರೋಮೀಟರ್. ಗೋಳದ ಗಾತ್ರದ ಸೂತ್ರ ಬಳಸಿದರೆ ಹನಿಯ ವ್ಯಾಸ ಸುಮಾರು 14 ಮೈಕ್ರೋಮೀಟರ್ ಎಂದು ತಿಳಿಯುತ್ತದೆ. ಕಾಗದಕ್ಕೆ ತಾಗಿದ ಮೇಲೆ ಅದು ಇನ್ನಷ್ಟು ಹರಡುತ್ತದೆ. ಹನಿಯೇ ಅಂತರಕ್ಕಿಂತ ಮೂರು ಪಟ್ಟು ದೊಡ್ಡದಿರುವಾಗ 5760 ಬಿಡಿ ಚುಕ್ಕೆಗಳು ಕಾಣುವುದಾದರೂ ಹೇಗೆ?

ಕಣ್ಣಿಗಾದರೂ ಅಷ್ಟು ಬೇಕೆ? ಸಾಮಾನ್ಯ ದೃಷ್ಟಿಯ ಕಣ್ಣು ಸುಮಾರು ಒಂದು ಮಿನಿಟು ಕೋನದಷ್ಟು ದೂರವಿರುವ ಬಿಂದುಗಳನ್ನು ಬೇರೆಬೇರೆಯಾಗಿ ಗುರುತಿಸಬಲ್ಲದು. 25 ಸೆಂಟಿಮೀಟರ್ ದೂರದಲ್ಲಿ ಇದು ಸುಮಾರು 73 ಮೈಕ್ರೋಮೀಟರ್, ಅಂದರೆ ಅಂಗುಲಕ್ಕೆ ಸುಮಾರು 350 ಬಿಂದುಗಳು. ಆದ್ದರಿಂದಲೇ ಅಂಗುಲಕ್ಕೆ 300 ಪಿಕ್ಸೆಲ್ ಎಂಬ ರೂಢಿ ಬೆಳೆದಿದೆ. 4×6 ಅಂಗುಲದ ಚಿತ್ರಕ್ಕೆ 1200×1800, ಅಂದರೆ ಸುಮಾರು 22 ಲಕ್ಷ ಪಿಕ್ಸೆಲ್ ಸಾಕು.

ಹಾಗಾದರೆ ಉಳಿದ ಸ್ಥಾನಗಳ ಉಪಯೋಗವೇನು? ಇಂಕ್‌ಜೆಟ್‌ಗೆ ತಿಳಿ ನೀಲಿ ಬೇಕೆಂದಾಗ ಶಾಯಿಯನ್ನು ತೆಳುಗೊಳಿಸಲು ಬರುವುದಿಲ್ಲ. ಹನಿಗಳನ್ನು ವಿರಳವಾಗಿ ಚೆಲ್ಲಿ, ನಡುವೆ ಬಿಳಿ ಕಾಗದ ಕಾಣುವಂತೆ ಮಾಡಬೇಕು. 5760×1440ರ ಜಾಲದಲ್ಲಿ ಒಂದು ಪಿಕ್ಸೆಲ್‌ಗೆ ಸುಮಾರು 92 ಸ್ಥಾನಗಳು ಸಿಗುತ್ತವೆ. ಇವುಗಳಲ್ಲಿ ಎಷ್ಟು ತುಂಬಬೇಕು ಎಂಬುದರಿಂದ ಛಾಯೆ ನಿರ್ಧಾರವಾಗುತ್ತದೆ. ಡಿಪಿಐ ಇಲ್ಲಿ ಛಾಯೆಯ ಸಾಧನ, ಸ್ಪಷ್ಟತೆಯ ಅಳತೆಯಲ್ಲ. ಇದಕ್ಕೆ ಒಳ್ಳೆಯ ಪುರಾವೆ ಕ್ಯಾನನ್‌ನ ಸೆಲ್ಫಿ ಎಂಬ ಪುಟ್ಟ ಪ್ರಿಂಟರ್. ಅದು ಇಂಕ್‌ಜೆಟ್ ಅಲ್ಲ. ಪಟ್ಟಿಯಲ್ಲಿರುವ ಬಣ್ಣವನ್ನು ಶಾಖದಿಂದ ಕಾಗದಕ್ಕೆ ವರ್ಗಾಯಿಸುತ್ತದೆ. ಅದರ ಡಿಪಿಐ ಬರೀ 300. ಆದರೆ ಪ್ರತಿ ಚುಕ್ಕೆಯಲ್ಲೂ ಒಂದೊಂದು ಬಣ್ಣದ 256 ಮಟ್ಟಗಳು ಸಾಧ್ಯ. 5760ಕ್ಕಿಂತ 300 ಕೀಳು ಎಂದು ಬಗೆದವರು ಅದರ ಚಿತ್ರ ನೋಡಿ ಅಚ್ಚರಿಪಡುತ್ತಾರೆ.

ಶಾಯಿಗಳು ಎಷ್ಟು, ಯಾವುವು?

ಕರಪತ್ರದಲ್ಲಿ ಹುಡುಕಬೇಕಾದ ಮೊದಲ ಸಂಗತಿ ಶಾಯಿಗಳ ಸಂಖ್ಯೆ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕೇ ಶಾಯಿಗಳಿದ್ದರೆ ಆಕಾಶ, ಕೆನ್ನೆಯಂಥ ತಿಳಿ ಭಾಗಗಳಲ್ಲಿ ಗಾಢ ಚುಕ್ಕೆಗಳು ಮರಳಿನಂತೆ ಎದ್ದು ಕಾಣಬಹುದು. ತಿಳಿ ಸಯಾನ್, ತಿಳಿ ಮಜೆಂಟಾ ಸೇರಿದ ಆರು ಶಾಯಿಯ ಯಂತ್ರದಲ್ಲಿ (ಉದಾಹರಣೆಗೆ ಎಪ್ಸನ್ ಎಲ್8050) ಈ ದೋಷ ಬಹಳ ಕಡಿಮೆ. ಕ್ಯಾನನ್ ಜಿ570 ಇನ್ನೊಂದು ದಾರಿ ಹಿಡಿದು ಕೆಂಪು ಮತ್ತು ಬೂದು ಶಾಯಿಗಳನ್ನು ಸೇರಿಸಿದೆ.

ಕಡತಗಳಿಗಾಗಿ ಮಾಡಿದ ನಾಲ್ಕು ಶಾಯಿಯ ಟ್ಯಾಂಕ್ ಪ್ರಿಂಟರುಗಳಲ್ಲಿ ಇನ್ನೊಂದು ತೊಡಕಿದೆ. ಅನೇಕ ಮಾದರಿಗಳಲ್ಲಿ ಕಪ್ಪು ಶಾಯಿ ಸಾದಾ ಕಾಗದಕ್ಕೆ ಮಾತ್ರ ಮೀಸಲು. ಹೊಳಪು ಕಾಗದ ಹಾಕಿದಾಗ ಉಳಿದ ಮೂರು ಬಣ್ಣಗಳನ್ನು ಬೆರೆಸಿಯೇ ಕಪ್ಪನ್ನು ಮಾಡುತ್ತವೆ. ಕೂದಲು ಕಂದಾಗಿ ಕಾಣುವುದು ಇದರಿಂದಲೇ.

ಪರೀಕ್ಷೆಗೆ ಹರಿಹರದ ಹರಿಹರೇಶ್ವರ ದೇವಾಲಯದ ಚಿತ್ರವನ್ನು ಅಂಗಡಿಗೆ ಒಯ್ಯಿರಿ. 1224ರಲ್ಲಿ ಹೊಯ್ಸಳರ ಕಾಲದಲ್ಲಿ ಕಟ್ಟಿದ ಆ ಗುಡಿಯ ಬಳಪದ ಕಲ್ಲಿನ ಕಂಬಗಳಲ್ಲಿ ಬೂದು ಬಣ್ಣದ ನೂರಾರು ಛಾಯೆಗಳಿವೆ. ಬಣ್ಣಬಣ್ಣದ ಹೂವು ಯಾವ ಪ್ರಿಂಟರಿನಲ್ಲೂ ಚೆಂದವೇ. ಬೂದು ಕಲ್ಲು ಹಸಿರಿಗೋ ನೇರಳೆಗೋ ವಾಲಿದರೆ ದೋಷ ಕೂಡಲೇ ಸಿಕ್ಕಿಬೀಳುತ್ತದೆ. ಚಿತ್ರವನ್ನು ಟ್ಯೂಬ್‌ಲೈಟಿನ ಕೆಳಗೂ ಹೊರಗಿನ ಬೆಳಕಿನಲ್ಲೂ ನೋಡಬೇಕು.

ಬಾಳಿಕೆಯ ಪ್ರಶ್ನೆ

ಈಗ ಮದುವೆಯ ಚಿತ್ರಕ್ಕೆ ಬರೋಣ. ಹಸಿರು ಎಂದರೆ ಸಯಾನ್ ಮತ್ತು ಹಳದಿಯ ಮಿಶ್ರಣ. ಸಯಾನ್ ನಾಶವಾದರೆ ಉಳಿಯುವುದು ಹಳದಿ. 2000ದಲ್ಲಿ ಎಪ್ಸನ್‌ನ ಸ್ಟೈಲಸ್ ಫೋಟೋ 870 ಮತ್ತು 1270 ಪ್ರಿಂಟರುಗಳ ವಿಷಯದಲ್ಲಿ ಇದೇ ದೂರು ಹಲವು ದೇಶಗಳಲ್ಲಿ ಎದ್ದಿತ್ತು. ಬೆಳಕಿನ ಪರೀಕ್ಷೆಯ ಆಧಾರದ ಮೇಲೆ ವರ್ಷಗಟ್ಟಲೆ ಉಳಿಯುತ್ತವೆ ಎಂದುಕೊಂಡ ಚಿತ್ರಗಳು ಕೆಲವರ ಮನೆಗಳಲ್ಲಿ ವಾರಗಳಲ್ಲೇ ಕಿತ್ತಳೆಯಾದವು. ತಪ್ಪಿತಸ್ಥ ಬೆಳಕಲ್ಲ, ಗಾಳಿಯಲ್ಲಿನ ಓಜೋನ್. ಪರೀಕ್ಷೆ ಒಬ್ಬ ಶತ್ರುವನ್ನು ಮಾತ್ರ ಎಣಿಸಿತ್ತು; ಇನ್ನೊಬ್ಬ ಕಿಟಕಿಯಿಂದ ಬಂದ.

ಇದಕ್ಕೆ ಕಾಗದವೂ ಕಾರಣ. ಬೇಗ ಒಣಗುವ ಹೊಳಪು ಕಾಗದದ ಮೇಲ್ಪದರದಲ್ಲಿ ಸಿಲಿಕಾ ಅಥವಾ ಅಲ್ಯುಮಿನಾದ ಅತಿ ಸೂಕ್ಷ್ಮ ರಂಧ್ರಗಳಿರುತ್ತವೆ. ಶಾಯಿಯನ್ನು ಹೀರುವ ಆ ರಂಧ್ರಗಳೇ ಗಾಳಿಗೂ ದಾರಿ. ಡೈ ಶಾಯಿಯಲ್ಲಿ ಬಣ್ಣ ಬಿಡಿ ಅಣುಗಳಾಗಿ ಕರಗಿರುವುದರಿಂದ ಅಣುಗಳೆಲ್ಲವೂ ದಾಳಿಗೆ ಸಿಗುತ್ತವೆ. ಪಿಗ್‌ಮೆಂಟ್ ಶಾಯಿಯಲ್ಲಿ ಬಣ್ಣ ಘನ ಕಣಗಳ ರೂಪದಲ್ಲಿರುತ್ತದೆ. ಕಣದ ಹೊರಮೈಯ ಅಣುಗಳು ಕೆಟ್ಟರೂ ಒಳಗಿನವು ಉಳಿಯುತ್ತವೆ. ಕ್ಯಾನನ್ ಪ್ರೊ-300ರಂಥ ದುಬಾರಿ ಯಂತ್ರಗಳು ಪಿಗ್‌ಮೆಂಟ್ ಬಳಸುವುದು ಇದಕ್ಕಾಗಿ. ನಮ್ಮ ಊರುಗಳಲ್ಲಿ ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡುಗಳಿಗೆ ಬಿಸಿಲು ತಾಗಿ ನೆಲಮಟ್ಟದಲ್ಲೇ ಓಜೋನ್ ಉಂಟಾಗುತ್ತದೆ. ಕಿಟಕಿ ತೆರೆದಿಟ್ಟ ಮನೆಯಲ್ಲಿ ಡೈ ಶಾಯಿಯ ಚಿತ್ರವನ್ನು ಗಾಜಿಲ್ಲದೆ ತೂಗುಹಾಕಬಾರದು. ಯಾವುದೋ ಬಾಟಲಿಯ ಅಗ್ಗದ ಶಾಯಿ ತುಂಬಿದರಂತೂ ಬಾಳಿಕೆಯ ಬಗ್ಗೆ ತಯಾರಕರ ಮಾತೇ ಅನ್ವಯಿಸುವುದಿಲ್ಲ.

ಬೇಸಿಗೆ, ಕರೆಂಟು ಮತ್ತು ಲೆಕ್ಕ

ದಾವಣಗೆರೆ ಜಿಲ್ಲೆಯ ಬಹುಭಾಗ ಮಧ್ಯ ಒಣವಲಯಕ್ಕೆ ಸೇರಿದ್ದು. ಬೇಸಿಗೆಯ ಒಣಗಾಳಿಯಲ್ಲಿ, ತಿಂಗಳುಗಟ್ಟಲೆ ಬಳಸದ ಪ್ರಿಂಟರಿನ ಸೂಸುಬಾಯಿಗಳಲ್ಲಿ ಶಾಯಿ ಒಣಗಿ ಕಟ್ಟಿಕೊಳ್ಳುತ್ತದೆ. ಶುಚಿಗೊಳಿಸುವ ಆಜ್ಞೆ ಕೊಟ್ಟಾಗಲೆಲ್ಲ ಒಳ್ಳೆಯ ಶಾಯಿಯೇ ತ್ಯಾಜ್ಯದ ಸ್ಪಂಜಿಗೆ ಹರಿಯುತ್ತದೆ. ಪ್ರಿಂಟರನ್ನು ಅದರದೇ ಗುಂಡಿಯಿಂದ ಆರಿಸಬೇಕು. ಆಗ ಮುದ್ರಣ ಶಿರ ತನ್ನ ಮುಚ್ಚಳದ ಮೇಲೆ ಹೋಗಿ ಕೂರುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ, ಅಥವಾ ಮುದ್ರಣದ ನಡುವೆ ಕರೆಂಟು ಹೋದರೆ, ಬಾಯಿ ತೆರೆದೇ ಉಳಿಯಬಹುದು. ವಾರಕ್ಕೊಂದು ಬಣ್ಣದ ಚಿತ್ರ ಮುದ್ರಿಸುವುದು ಒಳ್ಳೆಯ ಅಭ್ಯಾಸ.

ಖರ್ಚನ್ನೂ ನೋಡೋಣ. ಪ್ರಿಂಟರಿನ ಬೆಲೆ 20,000 ರೂಪಾಯಿ, ಬಾಳಿಕೆ 4 ವರ್ಷ ಎಂದುಕೊಳ್ಳಿ. ತಿಂಗಳಿಗೆ 10 ಚಿತ್ರ ಮುದ್ರಿಸಿದರೆ ಯಂತ್ರದ ಪಾಲೇ ಚಿತ್ರವೊಂದಕ್ಕೆ ಸುಮಾರು 42 ರೂಪಾಯಿ. 100 ಮುದ್ರಿಸಿದರೆ ಸುಮಾರು 4 ರೂಪಾಯಿ. ಶಾಯಿ, ಕಾಗದದ ಖರ್ಚು ಬೇರೆ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ. ವಾರವಾರವೂ ಮುದ್ರಿಸುವವರಿಗೆ ಆರು ಶಾಯಿಯ ಟ್ಯಾಂಕ್ ಪ್ರಿಂಟರ್, ಅದೇ ಕಂಪನಿಯ ಶಾಯಿ ಮತ್ತು ಕಾಗದ ಸೂಕ್ತ. ಅಪರೂಪಕ್ಕೆ ಮುದ್ರಿಸುವವರು ಪ್ರಿಂಟರ್ ಕೊಳ್ಳದೆ ಫೋಟೋ ಲ್ಯಾಬಿಗೆ ಹೋಗುವುದೇ ಲೇಸು. ನನ್ನ ಮಿತ್ರರೂ ಹಾಗೆಯೇ ಮಾಡಿದರು. ಮದುವೆಯ ಚಿತ್ರದ ಮೂಲ ಕಡತ ಉಳಿದಿತ್ತು. ಲ್ಯಾಬಿನಲ್ಲಿ ಮುದ್ರಿಸಿ ಗಾಜು ಹಾಕಿಸಿದ್ದಾರೆ. ಸೀರೆ ಮತ್ತೆ ಹಸಿರಾಗಿದೆ.

ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಬಹುದು. ಒಂದೇ ಚಿತ್ರದ ನಾಲ್ಕು ಪ್ರತಿ ಮುದ್ರಿಸಿ. ಒಂದನ್ನು ಬೆಳಕಿನಲ್ಲಿ ಗಾಜಿನ ಕೆಳಗೆ, ಒಂದನ್ನು ಬೆಳಕಿನಲ್ಲಿ ತೆರೆದು, ಒಂದನ್ನು ಗಾಳಿಯಾಡುವ ಕತ್ತಲಲ್ಲಿ, ಒಂದನ್ನು ಪ್ಲಾಸ್ಟಿಕ್ ಚೀಲದೊಳಗೆ ಕತ್ತಲಲ್ಲಿ ಇಡಿ. ಗಾಜು ನೇರಳಾತೀತ ಕಿರಣಗಳ ಒಂದು ಭಾಗವನ್ನೂ ತಡೆಯುತ್ತದೆ ಎಂಬುದು ನೆನಪಿರಲಿ. ತಿಂಗಳಿಗೊಮ್ಮೆ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬರೆದಿಡಿ. ಕತ್ತಲಲ್ಲಿ ಗಾಳಿಗೆ ತೆರೆದಿಟ್ಟದ್ದು ಮಾಸಿ, ಚೀಲದಲ್ಲಿದ್ದದ್ದು ಹಾಗೇ ಉಳಿದರೆ ಗಾಳಿಯ ಕೈವಾಡ ಮಕ್ಕಳಿಗೇ ಕಾಣುತ್ತದೆ. ಪೆಟ್ಟಿಗೆಯ ಮೇಲೆ ಅಚ್ಚಾಗದ ಅಂಕಿ ಅಂಶ ಅವರ ನೋಟ್‌ಬುಕ್ಕಿನಲ್ಲಿ ಸಿಗುತ್ತದೆ.