ಹೊರೆ ಬಿದ್ದ ಸ್ಥಳವೂ ಜೊತೆ ನಡೆದವರೂ

ಜಾನ್ ಬನ್ಯನನ ‘ಯಾತ್ರಿಕನ ಸಂಚಾರ’ (ಮೊದಲ ಭಾಗ 1678, ಎರಡನೆಯ ಭಾಗ 1684) ಬಾಸೆಲ್ ಮಿಶನ್ನಿನವರ ಅನುವಾದದ ಮೂಲಕ 19ನೆಯ ಶತಮಾನದಲ್ಲಿಯೇ ಕನ್ನಡ ಸಭೆಗಳಿಗೆ ಪರಿಚಿತವಾಯಿತು. ಓದಿದವರೆಲ್ಲರ ನೆನಪಿನಲ್ಲಿ ಉಳಿಯುವ ದೃಶ್ಯವೆಂದರೆ, ಶಿಲುಬೆಯ ಎದುರಿನಲ್ಲಿ ಯಾತ್ರಿಕನ ಬೆನ್ನಿನ ಹೊರೆ ಕಳಚಿ, ಉರುಳಿ, ಸಮಾಧಿಯೊಳಗೆ ಬಿದ್ದು ಕಾಣೆಯಾಗುವುದು. ಆದರೆ ಪಾಪಕ್ಷಮೆಯ ಕುರಿತು ಈ ಕೃತಿ ಹೇಳುವುದನ್ನೆಲ್ಲ ಆ ಒಂದೇ ದೃಶ್ಯಕ್ಕೆ ಇಳಿಸಿದರೆ ಅದರ ಪಾಲನಾ ವಿವೇಕವು ನಮ್ಮ ಕಣ್ಣಿಗೆ ಬೀಳದೆ ಹೋಗುತ್ತದೆ.

ಆ ಸ್ಥಳಕ್ಕೆ ಮುಟ್ಟುವ ಮುನ್ನ ಯಾತ್ರಿಕನಿಗೆ ಹಲವರು ನೆರವಾಗುತ್ತಾರೆ. ಸುವಾರ್ತಿಕನು ದಾರಿ ತೋರಿಸುತ್ತಾನೆ. ಸಹಾಯಕನು ನಿರಾಶೆಯ ಕೆಸರಿನಿಂದ ಮೇಲೆತ್ತುತ್ತಾನೆ. ಇಕ್ಕಟ್ಟಾದ ಬಾಗಿಲಲ್ಲಿ ಸದ್ಭಾವನು ಒಳಗೆ ಸೇರಿಸಿಕೊಳ್ಳುತ್ತಾನೆ. ಆದರೆ ಹೊರೆಯನ್ನು ಇಳಿಸೆಂದು ಬೇಡಿದಾಗ, ಬಿಡುಗಡೆಯ ಸ್ಥಳದ ತನಕ ಅದನ್ನು ಹೊತ್ತೇ ನಡೆಯಬೇಕೆಂದು ಸದ್ಭಾವನು ಉತ್ತರಿಸುತ್ತಾನೆ. ಬೇಗನೆ ಇಳಿಸಿಕೊಳ್ಳುವ ಸುಲಭೋಪಾಯವನ್ನು ಹೇಳಿಕೊಡುವವನು ಲೋಕಜ್ಞಾನಿ. ಅವನ ಮಾತು ಯಾತ್ರಿಕನನ್ನು ಧರ್ಮಶಾಸ್ತ್ರದ ಬೆಟ್ಟದಡಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಹೊರೆ ಇನ್ನಷ್ಟು ಭಾರವಾಗುತ್ತದೆ.

ಸುವಾರ್ತಿಕನು ಬಾಗಿಲನ್ನಲ್ಲ, ನೇರವಾಗಿ ಶಿಲುಬೆಯನ್ನೇ ತೋರಿಸಬೇಕಾಗಿತ್ತೆಂದು ಸ್ಪರ್ಜನ್ ಆಕ್ಷೇಪಿಸಿದ್ದುಂಟು. ಸಿದ್ಧಾಂತದ ಮಟ್ಟಿಗೆ ಆಕ್ಷೇಪವು ನ್ಯಾಯವಾದುದೇ. ಕ್ಷಮೆಗೆ ಮುಂಚೆ ಮನುಷ್ಯನು ಹತ್ತಿ ಬರಬೇಕಾದ ಮೆಟ್ಟಿಲುಗಳಿಲ್ಲ. ಆದರೂ ಕ್ಷಮೆಯ ವಾರ್ತೆ ಕಿವಿಗೆ ಬೀಳುವುದಕ್ಕೂ ಅದು ತನಗೇ ಸಂದಿದೆಯೆಂದು ಮನಸ್ಸು ನೆಮ್ಮದಿಗೊಳ್ಳುವುದಕ್ಕೂ ನಡುವೆ ಕಾಲ ಹಿಡಿಯಬಹುದೆಂಬುದನ್ನು ಬನ್ಯನನು ಸ್ವಾನುಭವದಿಂದ ಬಲ್ಲವನು. 1666ರಲ್ಲಿ ಪ್ರಕಟವಾದ ಅವನ ಆತ್ಮಕಥನವು ಆ ದೀರ್ಘ ತಳಮಳಕ್ಕೆ ಸಾಕ್ಷಿ.

ಮೊದಲ ಭಾಗದ ನಿಜವಾದ ಕೊರತೆ ಬೇರೆಡೆ ಇದೆ. ಹೆಂಡತಿಮಕ್ಕಳು ಕೂಗಿ ಕರೆಯುತ್ತಿರಲು ಯಾತ್ರಿಕನು ಕಿವಿಗಳಲ್ಲಿ ಬೆರಳಿಟ್ಟುಕೊಂಡು ಓಡುತ್ತಾನೆ. ಕ್ಷಮೆಯು ಅಲ್ಲಿ ಒಂಟಿಗನ ಸೊತ್ತಾಗಿ ತೋರುತ್ತದೆ. ಎರಡನೆಯ ಭಾಗವು ಇದನ್ನು ತಿದ್ದುತ್ತದೆ. ಪತಿಯೊಡನೆ ಕಠಿಣವಾಗಿ ನಡೆದುಕೊಂಡೆನೆಂದು ಕಣ್ಣೀರಿಡುವ ಕ್ರಿಸ್ತಿಯಾನಳು ಮಕ್ಕಳನ್ನೂ, ಕರುಣೆಯೆಂಬ ನೆರೆಯವಳನ್ನೂ ಕರೆದುಕೊಂಡು ಹೊರಡುತ್ತಾಳೆ. ಅವರಿಗೆ ಮಾರ್ಗದರ್ಶಿಯಾದ ಮಹಾಹೃದಯನು ದಾರಿಯಲ್ಲಿ ಹೇಳುವ ಭಯಸ್ಥನ ವೃತ್ತಾಂತವೇ ಕೃತಿಯ ಅತ್ಯುತ್ತಮ ಪಾಲನಾ ಪಾಠ. ಕಡೆಗೆ ತಾನು ಅಂಗೀಕೃತನಾಗುವೆನೋ ಇಲ್ಲವೋ ಎಂಬುದೇ ಭಯಸ್ಥನ ಅಂಜಿಕೆ. ಅವನು ನಿರಾಶೆಯ ಕೆಸರಿನ ಬಳಿ ತಿಂಗಳಿಗೂ ಹೆಚ್ಚು ಕಾಲ ಗೋಳಿಡುತ್ತ ಬಿದ್ದಿದ್ದನು. ಬಾಗಿಲಿಗೆ ಬಂದರೂ ತಟ್ಟಲಾರದೆ ಇತರರಿಗೆ ದಾರಿ ಬಿಟ್ಟನು. ಮುಂದೆ ಅವನೊಡನೆ ನಡೆದ ಮಹಾಹೃದಯನು ಅವನನ್ನು ಹಳಿಯಲಿಲ್ಲ, ಕೈಬಿಡಲೂ ಇಲ್ಲ. ಕೊನೆಯ ನದಿಯನ್ನು ಅವನು ದಾಟುವಾಗ ನೀರು ಹಿಂದೆಂದೂ ಕಾಣದಷ್ಟು ತಗ್ಗಿತ್ತು.

ಪಾಪಭಾರದಿಂದ ಕುಗ್ಗಿ ಬಂದವನಿಗೆ ಒಂದು ಪ್ರಾರ್ಥನೆಯನ್ನು ಹೇಳಿಸಿ ಕಳುಹಿಸುವ ಆತುರವೂ, ಮೊದಲು ನಡತೆಯನ್ನು ತಿದ್ದಿಕೊಂಡು ಬಾ ಎನ್ನುವ ಕಾಠಿಣ್ಯವೂ ಸಭಾಪಾಲಕರಾದ ನಮಗೆ ಅಪರಿಚಿತವಲ್ಲ. ಇವೆರಡೂ ಲೋಕಜ್ಞಾನಿಯ ಉಪಾಯಗಳೇ. ಹೊರೆಯನ್ನು ಇಳಿಸುವುದು ಕ್ರಿಸ್ತನ ಕಾರ್ಯ. ಅಲ್ಲಿಯ ತನಕವೂ, ಅದರಾಚೆಗೂ, ಅಂಜುವವನ ನಡಿಗೆಗೆ ತಕ್ಕಂತೆ ಹೆಜ್ಜೆ ಹಾಕುತ್ತ ಜೊತೆಗಿರುವುದು ಸಭೆಯ ಕಾರ್ಯ.