ಜೋಡೆತ್ತಿನ ನಡುವಿನ ಸಂದು

ಕಾಂಟ್ಯಾಕ್ಸ್ ಜಿ2 ಎಂಬ ಆಟೋಫೋಕಸ್ ಫಿಲಂ ಕ್ಯಾಮೆರಾದ ಬಗ್ಗೆ ಬರೆದವರೆಲ್ಲ ಲೆನ್ಸಿನಿಂದ ಶುರುಮಾಡಿ ಲೆನ್ಸಿನಲ್ಲೇ ಮುಗಿಸುತ್ತಾರೆ. 45 ಎಂ.ಎಂ. ಪ್ಲಾನಾರ್ ಎಷ್ಟು ಶಾರ್ಪ್, 28ರ ಬಯೋಗಾನ್ ಗೋಡೆಯ ಗೆರೆಯನ್ನು ಎಷ್ಟು ನೆಟ್ಟಗಿಡುತ್ತದೆ ಎಂಬ ಹೊಗಳಿಕೆ ಸುಳ್ಳಲ್ಲ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಕೂರುವ ಜಾಗ ಇಲ್ಲಿ ಖಾಲಿ. ಹಾಗಾಗಿ ಬಯೋಗಾನಿನ ಹಿಂದಿನ ಗಾಜು ಫಿಲಂಗೆ ತೀರಾ ಹತ್ತಿರ ಬರಬಲ್ಲದು, ಗೆರೆ ಬಾಗದಿರುವುದಕ್ಕೆ ಅದೇ ಕಾರಣ. ನನ್ನ ತಕರಾರು ಇದಲ್ಲ. ಲೆನ್ಸನ್ನು ಹೊಗಳಿದ ಅದೇ ಬಾಯಲ್ಲಿ, ‘ಆದರೆ ಬಾಡಿ ಸರಿಯಿಲ್ಲ, ಇದು ನಿಜವಾದ ರೇಂಜ್‌ಫೈಂಡರೇ ಅಲ್ಲ’ ಎನ್ನುತ್ತಾರಲ್ಲ, ಆ ತೀರ್ಪು ತಲೆಕೆಳಗಾಗಿದೆ. ಈ ಕ್ಯಾಮೆರಾದ ದೊಡ್ಡ ಗುಣ ಇರುವುದು ಅವರು ಹಳಿಯುವ ಜಾಗದಲ್ಲೇ.

ಇದು ನನಗೆ ಗೊತ್ತಾದದ್ದು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ. ಪುಷ್ಯ ಶುದ್ಧ ಷಷ್ಠಿಯ ತೇರಿಗೆ ಮುಂಚೆ ಸೇರುವ ಜಾತ್ರೆ ಅದು. ಬೆಳಗಿನ ಮಂಜು, ಸಾಲಾಗಿ ಕಟ್ಟಿದ ಹಳ್ಳಿಕಾರ್ ಎತ್ತುಗಳು. ಒಬ್ಬ ರೈತರು ತಮ್ಮ ಜೋಡಿಯ ಪಕ್ಕ ನಿಂತು, ‘ತೆಗೀರಿ ಸಾರ್’ ಅಂದರು. ಚೌಕಟ್ಟು ಕೂಡಿಸಿದೆ, ಒತ್ತಿದೆ. ಫಿಲಂ ತೊಳೆದು ಬಂದಾಗ ನೋಡಿದರೆ ಎತ್ತು, ರೈತರು ಎಲ್ಲ ಮಸುಕು. ಹಿಂದೆ ನಿಂತಿದ್ದ ಗಾಡಿಯ ಚಕ್ರ ಮಾತ್ರ ಕಡ್ಡಿ ಕಡ್ಡಿಯೂ ಸ್ಪಷ್ಟ. ಜೋಡಿಯ ಚಿತ್ರದಲ್ಲಿ ನಟ್ಟನಡುವೆ ಇರುವುದು ಎತ್ತಲ್ಲ, ಎರಡು ಎತ್ತುಗಳ ನಡುವಿನ ಸಂದು. ಕ್ಯಾಮೆರಾ ಆ ಸಂದಿನಲ್ಲಿ ನೋಡಿತ್ತು. ನಾನು ನೋಡಿರಲಿಲ್ಲ.

ವಿಮರ್ಶಕರು ಇಂಥ ಚಿತ್ರವನ್ನೇ ಸಾಕ್ಷಿಗೆ ತರುತ್ತಾರೆ. ಯಂತ್ರ ಮಾಡಿದ್ದೇನು? ಮುಂಭಾಗದ ಎರಡು ಪುಟ್ಟ ಕಿಟಕಿಗಳಿಂದ ಒಂದೇ ವಸ್ತುವನ್ನು ನೋಡಿ, ಎರಡು ನೋಟಗಳ ಅಂತರದಿಂದ ದೂರ ಲೆಕ್ಕ ಹಾಕಿತು. 1994ರ ಜಿ1ಗೆ ಇಷ್ಟೇ ಬರುತ್ತಿತ್ತು. ಕೊಂಬಿನ ಬುಡದಂಥ ಗೆರೆ ಸಿಕ್ಕರೆ ಹಿಡಿಯುತ್ತಿತ್ತು, ಗುರುತಿಲ್ಲದ ಬಿಳಿ ಪಕ್ಕೆಯ ಮುಂದೆ ತಡಕಾಡುತ್ತಿತ್ತು. 1996ರ ಜಿ2ಗೆ ಇನ್‌ಫ್ರಾರೆಡ್ ಕಿರಣದ ನೆರವೂ ಸೇರಿತು. ಎರಡು ಕಡೆಯಿಂದ ನೋಡಿ ತ್ರಿಕೋನದಿಂದ ದೂರ ಅಳೆಯುವುದೇ ರೇಂಜ್‌ಫೈಂಡರ್. ಇದು ಅಲ್ಲದಿದ್ದರೆ ಇನ್ನು ಯಾವುದು?

‘ಲೈಕಾ ರೇಂಜ್‌ಫೈಂಡರಿನಲ್ಲಿ ಎರಡು ಬಿಂಬ ಒಂದಾಗುವುದನ್ನು ಕಣ್ಣಾರೆ ಕಾಣುತ್ತೇವೆ, ಇಲ್ಲಿ ಎಲ್ಲವೂ ಒಂದೇ ಸಮ ಸ್ಪಷ್ಟ’ ಎಂಬುದು ಅವರ ಮುಖ್ಯ ವಾದ. ಲೈಕಾದಲ್ಲೂ ಬಿಂಬ ಕೂಡುವುದು ನಡುವಿನ ಚಿಕ್ಕ ಚೌಕದಲ್ಲಿ ಮಾತ್ರ; ಉಳಿದ ವ್ಯೂಫೈಂಡರ್ ತುಂಬ ಎಲ್ಲವೂ ಸ್ಪಷ್ಟವೇ. ಸಂತೆಯಲ್ಲಿ, ಬೀದಿಯಲ್ಲಿ ಲೈಕಾ ಹಿಡಿದು ಪಳಗಿದವರಲ್ಲಿ ಎಷ್ಟೋ ಜನ ಬಿಂಬ ಕೂಡಿಸುತ್ತ ನಿಲ್ಲಲೂ ಇಲ್ಲ. ಎರಡು ಮೀಟರ್ ಎಂದು ಅಂದಾಜು ಕಟ್ಟಿ, ಲೆನ್ಸಿನ ಮೇಲಿನ ಅಳತೆಪಟ್ಟಿಗೆ ಉಂಗುರ ತಿರುಗಿಸಿ, ಒತ್ತಿದರು. ಜಿ2 ಆ ಅಳತೆಪಟ್ಟಿಯನ್ನು ವ್ಯೂಫೈಂಡರಿನ ಒಳಗೇ ತಂದಿಟ್ಟಿದೆ. ಅದನ್ನು ಓದದವರು ಕ್ಯಾಮೆರಾವನ್ನು ಕುರುಡು ಎನ್ನುತ್ತಾರೆ.

ಘಾಟಿಯ ಗರ್ಭಗುಡಿಯಲ್ಲಿ ಒಂದೇ ಶಿಲೆ. ಪೂರ್ವಕ್ಕೆ ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಲಕ್ಷ್ಮೀನರಸಿಂಹ. ನರಸಿಂಹನನ್ನು ನಾವು ಕಾಣುವುದು ಹಿಂದಿನ ಕನ್ನಡಿಯಲ್ಲಿ. ಅದು ದರ್ಶನವೇ ಅಲ್ಲ ಎಂದು ಯಾವ ಭಕ್ತರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಳತೆಪಟ್ಟಿಯಲ್ಲಿ ದೂರ ಕಾಣುವುದೂ ನೋಟವೇ.

ಮಾರನೆಯ ವರ್ಷ ಅದೇ ಬಯಲಿಗೆ ಹೋದೆ. ಈ ಸಲ ಚೌಕಟ್ಟಿನ ನಡುವನ್ನು ಮೊದಲು ಬಲಗಡೆ ಎತ್ತಿನ ಕೊಂಬಿನ ಬುಡಕ್ಕೆ ತಂದು, ಹಿಂಬದಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದೆ. ಕೆಳಗಿನ ಪಟ್ಟಿಯಲ್ಲಿ ಗುರುತು ಮೂರು ಮೀಟರಿನ ಆಸುಪಾಸು ನಿಂತಿತು. ಕಣ್ಣಳತೆಗೂ ಅಷ್ಟೇ. ಆಮೇಲೆ ಚೌಕಟ್ಟು ಸರಿಪಡಿಸಿ ಒತ್ತಿದೆ. ಮೂಗುದಾರದ ಎಳೆ ಎಳೆಯೂ ಬಂದಿದೆ. ಪ್ಲಾನಾರಿನ ಕೀರ್ತಿ ಪ್ಲಾನಾರಿಗೆ ಸಲ್ಲಲಿ. ಆದರೆ ಹಿಂದಿನ ವರ್ಷವೂ ಕ್ಯಾಮೆರಾಕ್ಕೆ ಹಾಕಿದ್ದು ಇದೇ ಲೆನ್ಸು.

ಕೊರತೆಗಳೂ ಇವೆ. ವ್ಯೂಫೈಂಡರ್ ಚಿಕ್ಕದು. ಕೈಯಿಂದ ಫೋಕಸ್ ಮಾಡಲು ಕೊಟ್ಟ ಚಕ್ರದಲ್ಲಿ ಉಂಗುರ ತಿರುಗಿಸುವ ಹಿಡಿತವಿಲ್ಲ. 2005ರಲ್ಲಿ ತಯಾರಕ ಕಂಪನಿ ಕ್ಯೋಸೆರಾ ಕಾಂಟ್ಯಾಕ್ಸ್ ಕ್ಯಾಮೆರಾಗಳನ್ನೇ ಕೈಬಿಟ್ಟಿತು, ಕೆಟ್ಟರೆ ರಿಪೇರಿ ಕಷ್ಟ. ಇವುಗಳನ್ನು ಒಪ್ಪಿಕೊಂಡೂ ನನ್ನ ಮಾತು ಬದಲಾಗುವುದಿಲ್ಲ. ಒತ್ತುವ ಮುಂಚೆ ‘ಎಷ್ಟು ದೂರ?’ ಎಂದು ನನ್ನನ್ನು ಕೇಳಿ ಕಲಿಸಿದ ಆಟೋಫೋಕಸ್ ಕ್ಯಾಮೆರಾ ಇದೊಂದೇ.

‘ತೆಗೀರಿ ಸಾರ್’ ಅಂದ ಆ ರೈತರ ಬಳಿ ಆ ದಿನ ಗಿರಾಕಿಯೊಬ್ಬರು ಕೊಂಬು ಸವರಿ ನೋಡುತ್ತಿದ್ದರು. ರೈತರು ಹಗ್ಗ ಬಿಚ್ಚಿ ಅವರ ಕೈಗೇ ಕೊಟ್ಟು, ‘ಕೊಂಬಲ್ಲೇನೈತೆ, ನಡೆಸಿ ನೋಡಣ್ಣ’ ಅಂದರು. ಜಿ2 ಬಗ್ಗೆ ಬರೆಯುವವರಿಗೂ ನಾನು ಹೇಳುವುದು ಅದನ್ನೇ.